ವಾಕ್ಯದ ಕರ್ತೃ ಯಾರು?

ಇಂಜಿನಿಯರಿಂಗ್ ಕಾಲೇಜಿನ ಕನ್ನಡ ಅಧ್ಯಾಪಕನ ಸ್ಥಿತಿ ಮದುವೆಯ ಮನೆಗೆ ಬಂದ ದೂರದ ನೆಂಟನ ಸ್ಥಿತಿಯಂಥದು. ಅವನು ಬೇಡದವನೇನಲ್ಲ, ಪಂಕ್ತಿಯಲ್ಲಿ ಅವನಿಗೂ ಒಂದು ಎಲೆ ಉಂಟು, ಆದರೆ ಅವನು ಬಾರದೆ ಹೋದರೆ ಮುಹೂರ್ತವೇನೂ ನಿಲ್ಲುವುದಿಲ್ಲ. ಇಂಥ ನೆಂಟನ ಕೈಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಹೊಣೆ ಬಂದಿದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2018ರಲ್ಲಿ ಹೊರಡಿಸಿದ ಮಾದರಿ ಪಠ್ಯಕ್ರಮದಲ್ಲಿ, ಹೊಸದಾಗಿ ಸೇರಿದವರಿಗೆ ಮೂರು ವಾರಗಳ ಪರಿಚಯ ಕಾರ್ಯಕ್ರಮವನ್ನೂ ಅದರೊಳಗೆ ಮಾನವ ಮೌಲ್ಯಗಳ ಪಾಠವನ್ನೂ ಇಟ್ಟಿತು. ಭಾರತದ ಸಂವಿಧಾನವನ್ನು ಕಡ್ಡಾಯ ವಿಷಯವಾಗಿ ಸೇರಿಸಿತು. ವಿಶ್ವವಿದ್ಯಾಲಯಗಳು ಅದನ್ನು ತಮ್ಮ ತಮ್ಮ ಅಳತೆಗೆ ಕತ್ತರಿಸಿ ಹೊಲಿದುಕೊಂಡವು. ಅಂತೂ ವೇಳಾಪಟ್ಟಿಯಲ್ಲಿ ನೀತಿಗೂ ಒಂದು ಗಂಟೆ ಗೊತ್ತಾಯಿತು. ಗಂಟೆಯೇನೋ ಗೊತ್ತಾಯಿತು, ಪಾಠ ಹೇಳುವವರು ಯಾರು? ಮೆಕ್ಯಾನಿಕಲ್ ವಿಭಾಗದವರು ತಮಗೆ ಹೊತ್ತಿಲ್ಲವೆಂದರು. ಕಂಪ್ಯೂಟರ್ ವಿಭಾಗದವರು ತಮಗೆ ಅದು ಬಾರದೆಂದರು. ಎಂಥ ವಿನಯ! ಆಗ ಎಲ್ಲರ ಕಣ್ಣೂ ಕನ್ನಡ ಮೇಷ್ಟರ ಮೇಲೆ ಬಿತ್ತು. ಹರಿಶ್ಚಂದ್ರನ ಕಥೆಯನ್ನು ಪಾಠ ಹೇಳುವವನಿಗೆ ಸತ್ಯವೆಂದರೇನೆಂದು ಗೊತ್ತಿರಲೇಬೇಕು ಎಂಬುದು ಅವರ ತರ್ಕ.

ಹೀಗೆ, ಕಂಪ್ಯೂಟರ್ ಓದುವ ಹುಡುಗ ಹುಡುಗಿಯರಿಗೆ ವಾರಕ್ಕೊಂದು ಗಂಟೆ ನೀತಿಯನ್ನೂ ಪೌರಧರ್ಮವನ್ನೂ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಊಟವಾದ ಮೇಲಿನ ಗಂಟೆ. ಬೆಳಗಿನ ಚೇತನದ ಹೊತ್ತನ್ನು ನೀತಿಗೆ ಯಾವ ಪ್ರಾಂಶುಪಾಲರೂ ಕೊಡುವುದಿಲ್ಲ. ಪರೀಕ್ಷೆಯೂ ಗಂಟೆಗೆ ತಕ್ಕುದೇ: ಪ್ರಶ್ನೆಯ ಕೆಳಗೆ ನಾಲ್ಕು ಉತ್ತರಗಳಿರುತ್ತವೆ, ಸರಿಯಾದುದನ್ನು ಗುರುತಿಸಬೇಕು. ಜೊತೆಯಲ್ಲಿ ಕೆಲಸ ಮಾಡುವವನ ತಪ್ಪು ಕಂಡಾಗ ನೀವು ಏನು ಮಾಡುವಿರಿ ಎಂಬಂಥ ಪ್ರಶ್ನೆಗೆ, ನಾಲ್ಕರಲ್ಲಿ ಎಲ್ಲಕ್ಕಿಂತ ಉದ್ದವಾದ ಉತ್ತರವನ್ನು ಗುರುತಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ ಎಂಬುದನ್ನು ಮಕ್ಕಳು ಎರಡನೆಯ ವಾರಕ್ಕೇ ಕಂಡುಕೊಂಡಿರುತ್ತಾರೆ. ಅದಕ್ಕಾಗಿ ನಾನು ಅವರನ್ನು ಬೈಯಲಾರೆ. ಕಡಮೆ ಶ್ರಮದಲ್ಲಿ ಹೆಚ್ಚು ಫಲ ತೆಗೆಯುವುದು ಒಳ್ಳೆಯ ಇಂಜಿನಿಯರನ ಲಕ್ಷಣವಲ್ಲವೆ?

ನೀತಿಯ ಪಾಠ ಬೇಡವೆಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಅದು ಬೇಕು, ಬೇರೆ ವಿದ್ಯೆಗಳನ್ನು ಕಲಿಯುವವರಿಗಿಂತ ಕಂಪ್ಯೂಟರ್ ವಿದ್ಯೆಯನ್ನು ಕಲಿಯುವವರಿಗೆ ಒಂದು ಹಿಡಿ ಹೆಚ್ಚಾಗಿಯೇ ಬೇಕು. ನನ್ನ ತಕರಾರೇನಿದ್ದರೂ ಅದನ್ನು ಕೂರಿಸಿರುವ ಜಾಗದ ಬಗ್ಗೆ. ಅದು ನನ್ನ ಗಂಟೆಯಲ್ಲಿ ಇರುವುದಕ್ಕಿಂತ ಅವರ ಪ್ರಯೋಗಶಾಲೆಯಲ್ಲಿ, ಪ್ರೋಗ್ರಾಮು ಬರೆಯುವ ಹೊತ್ತಿನಲ್ಲಿ, ಆ ಪ್ರೋಗ್ರಾಮಿಗೆ ಅಂಕ ಕೊಡುವ ಅಧ್ಯಾಪಕರ ಬಾಯಲ್ಲಿಯೇ ಇರಬೇಕು. ಏಕೆಂಬುದನ್ನು ಹೇಳಲು ನಾನು ಬಲ್ಲ ಶಾಸ್ತ್ರದಿಂದ, ಎಂದರೆ ವ್ಯಾಕರಣದಿಂದ, ಹೊರಡುತ್ತೇನೆ. ವಾಚಕರು ಹೆದರಬೇಕಾದ್ದಿಲ್ಲ, ಹೈಸ್ಕೂಲಿನ ವ್ಯಾಕರಣವೇ ಸಾಕು.

ಈಗ ನಮ್ಮ ಊರುಗಳಲ್ಲಿ ಯಾವ ಕಚೇರಿಯ ಕಿಟಕಿಗೆ ಹೋದರೂ ಕೇಳಿಬರುವ ವಾಕ್ಯವೊಂದುಂಟು: ‘ಸಿಸ್ಟಂ ತಗೊಳ್ತಾ ಇಲ್ಲ.’ ನ್ಯಾಯಬೆಲೆ ಅಂಗಡಿಯಲ್ಲಿ ಕೂಲಿ ಮಾಡಿ ಸವೆದ ಮುದುಕಿಯ ಬೆರಳಚ್ಚು ಯಂತ್ರಕ್ಕೆ ಹೊಂದದೆ ಹೋದಾಗ ಈ ವಾಕ್ಯ ಬರುತ್ತದೆ. ಬ್ಯಾಂಕಿನಲ್ಲಿ ಪಾಸ್‌ಬುಕ್ಕಿನ ಹೆಸರಿಗೂ ಆಧಾರ್ ಚೀಟಿಯ ಹೆಸರಿಗೂ ಒಂದು ಒತ್ತಕ್ಷರದ ವ್ಯತ್ಯಾಸವಿದ್ದಾಗ ಬರುತ್ತದೆ. ನಾಡಕಚೇರಿಯಲ್ಲಿ ಬರುತ್ತದೆ, ನಮ್ಮ ಕಾಲೇಜಿನ ಫೀಸಿನ ಕಿಟಕಿಯಲ್ಲಿಯೂ ಬರುತ್ತದೆ. ಈ ವಾಕ್ಯದ ರಚನೆಯನ್ನು ಸ್ವಲ್ಪ ನೋಡಿ. ಹಿಂದೆ ಗುಮಾಸ್ತೆ ‘ನಾನು ತೆಗೆದುಕೊಳ್ಳುವುದಿಲ್ಲ, ಹೋಗಿ’ ಎನ್ನುತ್ತಿದ್ದ. ಒರಟು ಮಾತು, ಎಷ್ಟೋ ವೇಳೆ ಅನ್ಯಾಯದ ಮಾತು. ಆದರೆ ಆ ವಾಕ್ಯಕ್ಕೆ ಒಂದು ಕರ್ತೃಪದವಿತ್ತು. ಅವನೊಡನೆ ಜಗಳವಾಡಬಹುದಾಗಿತ್ತು, ಅವನ ಮೇಲಿನವನಿಗೆ ದೂರು ಕೊಡಬಹುದಾಗಿತ್ತು, ಕಡೆಗೆ ಮನೆಗೆ ಬಂದು ಅವನ ಹೆಸರು ಹಿಡಿದು ಶಪಿಸಬಹುದಾಗಿತ್ತು. ಈಗ ಕರ್ತೃವಿನ ಜಾಗದಲ್ಲಿ ಸಿಸ್ಟಂ ಬಂದು ಕುಳಿತಿದೆ. ಅದಕ್ಕೆ ಮುಖವಿಲ್ಲ, ಮೇಲಧಿಕಾರಿಯಿಲ್ಲ.

ಆದರೆ ‘ತಗೊಳ್ಳು’ ಎಂಬ ಕ್ರಿಯೆ ತಾನೇ ನಡೆಯತಕ್ಕದ್ದಲ್ಲ. ಈ ಜಾಗವನ್ನು ಖಾಲಿ ಬಿಟ್ಟರೆ ಮುಂದೆ ಹೋಗಬಾರದು, ಇಷ್ಟು ಸಲ ಬೆರಳು ಹೊಂದದಿದ್ದರೆ ನಿಲ್ಲಿಸಬೇಕು ಎಂದು ಯಾರೋ ಒಂದು ಸಾಲು ಬರೆದಿದ್ದಾರೆ. ಬೆಂಗಳೂರಿನ ಯಾವುದೋ ಕಟ್ಟಡದ ಹನ್ನೊಂದನೆಯ ಅಂತಸ್ತಿನಲ್ಲಿ ಕುಳಿತು ಅದನ್ನು ಬರೆದವನು ಇಪ್ಪತ್ತೆರಡು ವರ್ಷದ ಒಬ್ಬ ಹುಡುಗನಿರಬಹುದು. ವಾಕ್ಯದ ನಿಜವಾದ ಕರ್ತೃ ಅವನು. ಇಲ್ಲವೆ, ಹಾಗೆ ಬರೆ ಎಂದು ಅವನಿಗೆ ಹೇಳಿದವನು. ಕಿಟಕಿಯ ಬಳಿಗೆ ವಾಕ್ಯ ಬಂದು ಮುಟ್ಟುವಷ್ಟರಲ್ಲಿ ಇಬ್ಬರೂ ಮಾಯವಾಗಿದ್ದಾರೆ. ಉಳಿದವಳು ಮುದುಕಿಯೊಬ್ಬಳೇ. ವ್ಯಾಕರಣದಲ್ಲಿ ಅವಳು ಕರ್ಮಪದ. ಅವಳು ಪಾಪ, ಅದನ್ನು ಇನ್ನೊಂದು ಅರ್ಥದ ಕರ್ಮವೆಂದುಕೊಂಡು ಚೀಲ ಮಡಿಸಿ ಮನೆಗೆ ಹೋಗುತ್ತಾಳೆ.

ಕರ್ತೃ ಕಳೆದುಹೋದ ವಾಕ್ಯ ಎಷ್ಟು ದೂರ ಹೋಗಬಲ್ಲದೆಂಬುದನ್ನು ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ನಡೆದ ಸಂಗತಿ ತೋರಿಸಿಕೊಟ್ಟಿದೆ. ಅಲ್ಲಿಯ ಹಳ್ಳಿಗಳಲ್ಲಿ, ಪೇಟೆಯ ಮೂಲೆಗಳಲ್ಲಿ, ಅಂಗಡಿ ಇಟ್ಟುಕೊಂಡವರೇ ಅಂಚೆಯ ಕಿಟಕಿಯನ್ನೂ ನಡೆಸುವ ಪದ್ಧತಿಯುಂಟು. 1999ರಿಂದ ಮುಂದಕ್ಕೆ ಇವರ ಲೆಕ್ಕಪತ್ರವೆಲ್ಲ ‘ಹೊರೈಜ಼ನ್’ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಬಂತು. ಸಂಜೆ ಲೆಕ್ಕ ಕೂಡಿಸಿದರೆ ಪೆಟ್ಟಿಗೆಯಲ್ಲಿರುವ ಹಣಕ್ಕಿಂತ ತೆರೆಯ ಮೇಲಿನ ಅಂಕಿ ಕೆಲವರಿಗೆ ಹೆಚ್ಚಾಗಿ ಕಾಣತೊಡಗಿತು. ಕೊರತೆ ಬಿದ್ದರೆ ಕೈಯಿಂದ ತುಂಬಬೇಕೆಂಬುದು ಅವರ ಕರಾರು. ತುಂಬಿದರು, ಉಳಿತಾಯವನ್ನು ತೆಗೆದು ತುಂಬಿದರು, ಸಾಲ ಮಾಡಿ ತುಂಬಿದರು. ಸಹಾಯಕ್ಕೆಂದು ಟೆಲಿಫೋನು ಮಾಡಿದರೆ ಅನೇಕರಿಗೆ ಸಿಕ್ಕ ಉತ್ತರ ಒಂದೇ: ಬೇರೆ ಯಾರಿಗೂ ಹೀಗಾಗಿಲ್ಲ, ನಿಮಗೊಬ್ಬರಿಗೇ. ಹೀಗೆ ಒಬ್ಬೊಬ್ಬರೂ ತಾವೊಬ್ಬರೇ ಎಂದುಕೊಂಡು ಕುಳಿತಿದ್ದಾಗ, ಸುಮಾರು 2015ರವರೆಗಿನ ಅವಧಿಯಲ್ಲಿ 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳುಲೆಕ್ಕ ಮೊದಲಾದ ಅಪರಾಧಗಳಿಗೆ ಗುರಿಯಾದರು. ಇವುಗಳಲ್ಲಿ ಸುಮಾರು 700 ಮೊಕದ್ದಮೆಗಳನ್ನು ಅಂಚೆ ಸಂಸ್ಥೆ ತಾನೇ ಹೂಡಿತ್ತು. ಭಾರತೀಯ ಮೂಲದ ಗರ್ಭಿಣಿಯೊಬ್ಬಳನ್ನು 2010ರ ನವೆಂಬರಿನಲ್ಲಿ, ಅವಳ ಮಗನ ಹತ್ತನೆಯ ಹುಟ್ಟುಹಬ್ಬದ ದಿನವೇ, ಸೆರೆಮನೆಗೆ ಕಳಿಸಿದರು.

ಇದರಲ್ಲಿ ಕಾನೂನಿನ ಪಾಲೂ ಉಂಟು. ಮೊದಲು ಇಂಗ್ಲೆಂಡಿನಲ್ಲಿ ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ತರುವವರು ಆ ಕಂಪ್ಯೂಟರು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕಾಗಿತ್ತು. 1999ರ ಒಂದು ಶಾಸನ ಆ ನಿಯಮವನ್ನು ತೆಗೆದುಹಾಕಿತು. ಅಲ್ಲಿಂದ ಮುಂದೆ ಯಂತ್ರ ಸರಿಯಿತ್ತೆಂದೇ ಊಹೆ. ಸರಿಯಿರಲಿಲ್ಲವೆನ್ನುವವನು ಆಧಾರ ಕೊಡಬೇಕು. ಬ್ರೆಡ್ಡು ಹಾಲು ಮಾರುವ ಅಂಗಡಿಯವಳು ದೊಡ್ಡ ಕಂಪನಿಯ ಕಂಪ್ಯೂಟರಿನ ಒಳಗಿನ ದೋಷವನ್ನು ತೋರಿಸಿಕೊಡುವುದು ಹೇಗೆ? ದೂರದಿಂದಲೇ ಅವರ ಲೆಕ್ಕದೊಳಗೆ ಕೈಯಾಡಿಸಲು ಸಾಧ್ಯವಿಲ್ಲ ಎಂದು ವರ್ಷಗಟ್ಟಲೆ ಹೇಳಿದರು. ಸಾಧ್ಯವಿತ್ತು ಎಂದು 2019ರ ಡಿಸೆಂಬರಿನಲ್ಲಿ ನ್ಯಾಯಾಲಯ ತೀರ್ಪಿತ್ತಿತು. 2021ರ ಏಪ್ರಿಲಿನಲ್ಲಿ ಒಂದೇ ದಿನ 39 ಮಂದಿಯ ಶಿಕ್ಷೆ ರದ್ದಾಯಿತು. 2024ರ ಜನವರಿಯಲ್ಲಿ ಈ ಕಥೆ ಟೆಲಿವಿಷನ್ನಿನಲ್ಲಿ ನಾಟಕವಾಗಿ ಬಂದ ಮೇಲೆ ದೇಶಕ್ಕೆ ದೇಶವೇ ಎಚ್ಚತ್ತಿತು. ಅದೇ ಮೇ ತಿಂಗಳಲ್ಲಿ ಪಾರ್ಲಿಮೆಂಟು ನೂರಾರು ಶಿಕ್ಷೆಗಳನ್ನು ಒಟ್ಟಿಗೆ ರದ್ದುಮಾಡುವ ಶಾಸನ ತಂದಿತು. (ನಾಟಕವೊಂದು ಇಷ್ಟು ಮಾಡಿತೆಂಬುದು ಸಾಹಿತ್ಯದ ಮೇಷ್ಟರಿಗೆ ಗುಟ್ಟಾದ ಸಂತೋಷ ಕೊಡುವ ಸಂಗತಿ. ಕಂಪ್ಯೂಟರ್ ವಿಭಾಗದವರ ಮುಂದೆ ಇದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದೇನೆ.)

ಈ ಕಥೆಯಲ್ಲಿ ದುಷ್ಟನಾರು ಎಂದು ಹುಡುಕಿದರೆ ಕೈಗೆ ಸಿಗುವವರು ಕೆಲವರೇ. ಹೆಚ್ಚಿನವರು ತಮ್ಮ ತಮ್ಮ ಮೇಜಿನ ಕೆಲಸವನ್ನು ಮಾಡಿದವರು. ತಪ್ಪಿದೆಯೆಂದು ಬಲ್ಲ ತಂತ್ರಜ್ಞರಿದ್ದರು. ಅವರು ತಪ್ಪನ್ನು ದಾಖಲೆಮಾಡಿ ಒಂದು ಸಂಖ್ಯೆ ಕೊಟ್ಟು ಮುಂದಿನ ಕೆಲಸಕ್ಕೆ ಹೋದರು. ಆ ಸಂಖ್ಯೆಯ ಇನ್ನೊಂದು ತುದಿಯಲ್ಲಿ ಒಂದು ಸಂಸಾರ ಬೀದಿಗೆ ಬೀಳುತ್ತಿದೆ ಎಂಬುದು ಅವರ ಕಣ್ಣಿಗೆ ಕಟ್ಟಲಿಲ್ಲ. ಕಟ್ಟುವಂತೆ ಮಾಡುವ ಶಿಕ್ಷಣ ಅವರಿಗೆ ದೊರೆತಿತ್ತೆ?

ಇನ್ನೊಂದು ಹಳೆಯ ಸಂಗತಿ. ಕೆನಡಾ ದೇಶದಲ್ಲಿ ತಯಾರಾದ ‘ಥೆರಾಕ್-25’ ಎಂಬುದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ. 1985ರ ಜೂನಿನಿಂದ 1987ರ ಜನವರಿಯವರೆಗೆ ಅಮೆರಿಕ, ಕೆನಡಾಗಳಲ್ಲಿ ಆರು ಮಂದಿಗೆ ಇದರಿಂದ ಮಿತಿಮೀರಿದ ವಿಕಿರಣ ತಗುಲಿತು. ಕಡಮೆಯೆಂದರೂ ಮೂವರು ಅದರಿಂದ ಸತ್ತರು. ಹಿಂದಿನ ಮಾದರಿಯ ಯಂತ್ರಗಳಲ್ಲಿ ಅಪಾಯವನ್ನು ತಡೆಯುವ ಬೇರೆ ಬೀಗಗಳಿದ್ದವು. ಇದರಲ್ಲಿ ಆ ಕೆಲಸದ ಬಹುಭಾಗವನ್ನು ಪ್ರೋಗ್ರಾಮಿಗೇ ಒಪ್ಪಿಸಿದ್ದರು. 1986ರಲ್ಲಿ ಟೆಕ್ಸಾಸಿನ ಟೈಲರ್ ಎಂಬ ಊರಿನಲ್ಲಿ ಯಂತ್ರ ನಡೆಸುತ್ತಿದ್ದವಳು ಒಂದು ಅಕ್ಷರವನ್ನು ತಪ್ಪಾಗಿ ಒತ್ತಿ ಕೂಡಲೆ ತಿದ್ದಿದಳು. ತಿದ್ದಿದ್ದು ತೀರ ಬೇಗವಾಯಿತು. ಪ್ರೋಗ್ರಾಮು ಅದನ್ನು ಪೂರ್ತಿ ಗಮನಿಸಲಿಲ್ಲ. ತೆರೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂದು ಬಂತು. ಹಾಗೆಂದರೇನೆಂದು ಅವಳ ಕೈಪಿಡಿಯಲ್ಲಿ ಬರೆದಿರಲಿಲ್ಲ. ಇಂಥ ಸಣ್ಣಪುಟ್ಟ ಸೂಚನೆಗಳು ಆಗಾಗ್ಗೆ ಬರುತ್ತಲೇ ಇದ್ದುದರಿಂದ, ಮುಂದೆ ಹೋಗು ಎಂಬ ಗುಂಡಿಯನ್ನು ಒತ್ತಿದಳು. ಒಳಗೆ ಮಲಗಿದ್ದವನಿಗೆ ಎರಡನೆಯ ಪೆಟ್ಟು ಬಿತ್ತು.

ಪ್ರೋಗ್ರಾಮಿನ ಒಳಗಿನ ದೋಷವನ್ನು ವಿವರಿಸುವುದು ಬಲ್ಲವರ ಕೆಲಸ. ಆದರೆ ‘ಮಾಲ್‌ಫಂಕ್ಷನ್ 54’ ಎಂಬುದು ವಾಕ್ಯವೇ ಅಲ್ಲ ಎಂದು ಹೇಳುವ ಅಧಿಕಾರ ನನ್ನಂಥವನಿಗೂ ಉಂಟು. ಏನಾಯಿತು, ಯಾರಿಗಾಯಿತು, ಈಗ ಏನು ಮಾಡಬೇಕು, ಮೂರರಲ್ಲಿ ಒಂದನ್ನೂ ಅದು ಹೇಳುವುದಿಲ್ಲ. ಬರೆದವನು ಅದನ್ನು ತನಗಾಗಿ ಬರೆದುಕೊಂಡ. ಓದಬೇಕಾದವಳು ಬೇರೆ ಇದ್ದಳು.

ಈ ಎರಡು ಕಥೆಗಳನ್ನೂ ನಾನು ನನ್ನ ಗಂಟೆಯಲ್ಲಿ ಹೇಳುತ್ತೇನೆ. ಮಕ್ಕಳು ಕೇಳುತ್ತಾರೆ, ನಿದ್ದೆ ಬಂದವರೂ ಎದ್ದು ಕೂರುತ್ತಾರೆ, ಗರ್ಭಿಣಿಯ ಮಾತು ಬಂದಾಗ ಹುಡುಗಿಯರ ಮುಖ ಬಾಡುತ್ತದೆ. ಗಂಟೆ ಹೊಡೆಯುತ್ತದೆ. ಅದೇ ಮಕ್ಕಳು ಎದುರಿನ ಪ್ರಯೋಗಶಾಲೆಗೆ ಹೋಗಿ, ತಪ್ಪು ಅಂಕಿ ಕೊಟ್ಟವನಿಗೆ ತೋರಿಸಲು ‘ಇನ್‌ವ್ಯಾಲಿಡ್ ಇನ್‌ಪುಟ್’ ಎಂಬ ಎರಡು ಪದಗಳನ್ನು ಬರೆದು ಹತ್ತಕ್ಕೆ ಹತ್ತು ಅಂಕ ತರುತ್ತಾರೆ. ಅವರ ಹೃದಯ ಕಲ್ಲಲ್ಲ. ನನ್ನ ಕೋಣೆಯಲ್ಲಿ ಕಲಿತದ್ದು ಆ ಕೋಣೆಯಲ್ಲಿ ನಡೆಯುವ ನಾಣ್ಯವಲ್ಲ, ಅಷ್ಟೆ. ಒಂದು ಕಡೆ ನೀತಿಯಿದೆ, ಅಂಕವಿಲ್ಲ. ಇನ್ನೊಂದು ಕಡೆ ಅಂಕವಿದೆ, ನೀತಿಯ ಮಾತಿಲ್ಲ. ಹತ್ತೊಂಬತ್ತು ವರ್ಷದ ಮಗು ಇದರಿಂದ ಕಲಿಯುವ ಪಾಠ ಒಂದೇ: ನೀತಿಯೆಂಬುದು ಮುಖ್ಯವಾದ ಕೆಲಸವೆಲ್ಲ ಮುಗಿದ ಮೇಲೆ ಆಡುವ ಒಳ್ಳೆಯ ಮಾತು.

ಹಾಗಾದರೆ ಪ್ರಯೋಗಶಾಲೆಯಲ್ಲಿ ನೀತಿಯನ್ನು ತರುವುದು ಹೇಗೆ? ಗೋಡೆಗೆ ಸುಭಾಷಿತ ಬರೆಸಿಯೆ? ಬೇಕಾಗಿಲ್ಲ, ಅದು ಅಲ್ಲಿ ಆಗಲೇ ಇದೆ, ಯಾರೂ ತಿರುಗಿ ನೋಡಿಲ್ಲ. ದತ್ತಾಂಶದ ಪಟ್ಟಿಗಳನ್ನು ರಚಿಸುವ ಪಾಠದ ಮೊದಲ ವಾರದಲ್ಲಿ ಮಕ್ಕಳು ಮಾಡುವ ಅಭ್ಯಾಸ, ವಿದ್ಯಾರ್ಥಿಗಳ ಹೆಸರಿನ ಪಟ್ಟಿ. ‘ಮೊದಲ ಹೆಸರು’ ಒಂದು ಅಂಕಣ, ‘ಕೊನೆಯ ಹೆಸರು’ ಇನ್ನೊಂದು; ಎರಡನ್ನೂ ಖಾಲಿ ಬಿಡಕೂಡದು. ಈ ಅಂಕಣಗಳು ಯಾವ ದೇಶದವು? ನಮ್ಮಲ್ಲಿ ಹನುಮವ್ವ ಎಂದರೆ ಹನುಮವ್ವನೇ, ಮುಂದಿಲ್ಲ, ಹಿಂದಿಲ್ಲ. ಊರಿನ ಹೆಸರು, ತಂದೆಯ ಹೆಸರು ಒಂದೊಂದು ಅಕ್ಷರವಾಗಿ ಮುಂದೆ ನಿಲ್ಲುವವರು ನಾವು. ಒಂದೇ ಹೆಸರಿನವರು ಅಮೆರಿಕದ ವೀಸಾ ಪಡೆದರೆ, ಮೊದಲ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’ ಎಂದು ಬರುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಅಲ್ಲಿಗೆ ಹೋದ ಮೇಲೆ ಅದೇ ಹೆಸರಾಗಿ ಅಂಟಿಕೊಂಡು ಅವಸ್ಥೆ ಪಟ್ಟವರುಂಟು. ರಾಯಚೂರಿನ ಕಡೆಯಿಂದ ಬಂದ ಹುಡುಗಿಯೊಬ್ಬಳನ್ನು ನಾನೊಮ್ಮೆ ಕೇಳಿದೆ: ‘ನಿನ್ನ ಅಮ್ಮನ ಹೆಸರನ್ನು ಈ ನಿನ್ನ ಪಟ್ಟಿಯಲ್ಲಿ ತುಂಬಮ್ಮಾ, ನೋಡೋಣ.’ ತುಂಬಿದಳು. ಪಟ್ಟಿ ಒಪ್ಪಲಿಲ್ಲ. ತಾನು ಬರೆದ ಅರ್ಜಿ ತನ್ನ ತಾಯಿಯನ್ನೇ ಒಳಗೆ ಬಿಡುವುದಿಲ್ಲವೆಂದು ಕಂಡ ಆ ಮಗುವಿನ ಮುಖವನ್ನು ನೋಡಿದ ಮೇಲೆ, ನಾನು ಆಡಬೇಕಾಗಿದ್ದ ನೀತಿಯ ಮಾತೆಲ್ಲ ಬರಿಯ ಗಾಳಿಯೆನಿಸಿತು.

ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದ್ದೇ ಇದೆ. ದತ್ತರಚನೆಯ ಪಾಠದಲ್ಲಿ ‘ಕ್ಯೂ’ ಎಂಬುದೊಂದನ್ನು ಹೇಳಿಕೊಡುತ್ತಾರೆ. ಮೊದಲು ಬಂದದ್ದು ಮೊದಲು ಹೋಗಬೇಕು, ಅಷ್ಟೆ. ಮಕ್ಕಳು ಅದನ್ನು ಒಂದು ಗಂಟೆಯಲ್ಲಿ ಕಲಿತು ಮರೆಯುತ್ತಾರೆ. 2000ದ ಆಚೀಚೆ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತಷ್ಟೆ. ಆಗ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕು, ನಡುವಿನದನ್ನು ಎತ್ತಿ ಮುಂದಕ್ಕೆ ಹಾಕಲು ಬರಕೂಡದು ಎಂದು ಪ್ರೋಗ್ರಾಮಿನಲ್ಲಿಯೇ ಕಟ್ಟಿದರು. ಯಾವ ಅಧಿಕಾರಿ ಯಾವುದನ್ನು ಮಾಡಿದನೆಂದು ಗೊತ್ತಾಗಲು ಅವನ ಬೆರಳಚ್ಚಿನಿಂದಲೇ ಯಂತ್ರ ತೆರೆಯುವಂತೆ ಮಾಡಿದರು. ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದವರಿಗೆ ಇದರ ಬೆಲೆ ಗೊತ್ತು. ಬೇಕಾದವನ ಅರ್ಜಿಯನ್ನು ಮೇಲಿಡುವುದು, ಬೇಡದವನದನ್ನು ಕೆಳಗೆ ಹುಗಿಯುವುದು, ಈ ಎರಡು ಕ್ರಿಯೆಗಳಲ್ಲಿಯೇ ಒಂದು ಕಾಲದ ಅಧಿಕಾರವೆಲ್ಲ ಅಡಗಿತ್ತು. ಅದನ್ನು ಮುರಿದದ್ದು ಪಾಠದ ಪುಸ್ತಕದ ಒಂದು ಪುಟ. ಹಾಗೆಂದು ‘ಭೂಮಿ’ಯಿಂದ ಎಲ್ಲವೂ ನೇರ್ಪಾಯಿತೆಂದು ಹೇಳುವಂತಿಲ್ಲ. ದಾಖಲೆ ಸುಲಭವಾಗಿ ಸಿಕ್ಕಿದ್ದರಿಂದ ಬೆಂಗಳೂರಿನ ಸುತ್ತ ಜಮೀನು ಕೊಳ್ಳಲು ಬಂದ ದೊಡ್ಡವರಿಗೇ ಹೆಚ್ಚು ಅನುಕೂಲವಾಯಿತೆಂದು 2007ರಲ್ಲಿ ಕೆಲವು ವಿದ್ವಾಂಸರು ವಾದಿಸಿದ್ದಾರೆ. ಆ ವಾದವೂ ಅದೇ ಪಾಠದ ಗಂಟೆಯಲ್ಲಿ ಬರಲಿ ಎಂದೇ ನನ್ನ ಆಶೆ. ‘ಕ್ಯೂ’ ಹೇಳಿಕೊಡುವ ಅಧ್ಯಾಪಕರು ಇದನ್ನು ಹೇಳಲು ಹದಿನೈದು ನಿಮಿಷ ಸಾಕು. ನಾನು ಹೇಳಿದರೆ ಅದು ಕಥೆ. ಅವರು ಹೇಳಿದರೆ ವಿದ್ಯೆ.

ಇದಕ್ಕೆ ನನ್ನ ಕಂಪ್ಯೂಟರ್ ಮಿತ್ರರು ಹೇಳುವ ಆಕ್ಷೇಪಣೆಗಳನ್ನು ನಾನು ಚೆನ್ನಾಗಿ ಬಲ್ಲೆ. ಪಾಠಗಳೇ ಮುಗಿಯುವುದಿಲ್ಲ ಎಂಬುದು ಮೊದಲನೆಯದು. ಎಲ್ಲ ಕಾಲದ ಎಲ್ಲ ಅಧ್ಯಾಪಕರೂ ಆಡಿದ ಮಾತು ಅದು, ಅದಕ್ಕೆ ಉತ್ತರ ಬೇಕಿಲ್ಲ. ಎರಡನೆಯದು ಚೂರಿಯ ಉಪಮಾನ: ಚೂರಿ ಮಾಡಿದವನು ಕೊಲೆಗೆ ಹೊಣೆಯೆ? ಅಲ್ಲ. ಆದರೆ ಯಾರಿಗೆ ಹಣ್ಣು, ಯಾರಿಗೆ ಗಾಯ ಎಂದು ಚೂರಿ ತಾನೇ ಗೊತ್ತುಮಾಡುವುದಿಲ್ಲ. ಪ್ರೋಗ್ರಾಮು ಗೊತ್ತುಮಾಡುತ್ತದೆ, ಮಾಡಿದವನು ಊರು ಬಿಟ್ಟುಹೋದ ಮೇಲೂ ಗೊತ್ತುಮಾಡುತ್ತಲೇ ಇರುತ್ತದೆ. ಈಗಂತೂ ಪ್ರೋಗ್ರಾಮು ಬರೆದುಕೊಡುವುದಕ್ಕೂ ಯಂತ್ರವೇ ಬಂದಿದೆ. ಕರ್ತೃ ಇನ್ನೊಂದು ಮನೆ ಹಿಂದಕ್ಕೆ ಸರಿದಿದ್ದಾನೆ. ಹುಡುಕುವವರು ಇನ್ನಷ್ಟು ನಡೆಯಬೇಕು.

ಮೂರನೆಯದೇ ನಿಜವಾಗಿ ತೂಕದ ಆಕ್ಷೇಪಣೆ. ನೀತಿಯೆಂದರೆ ಯಾರ ನೀತಿ? ಒಬ್ಬ ಅಧ್ಯಾಪಕರು ತಮ್ಮ ಮನೆದೇವರ ಮಹಿಮೆಯನ್ನೇ ನೀತಿಯೆಂದು ಹೇಳಬಹುದು. ಇನ್ನೊಬ್ಬರು ತಮ್ಮ ಪಕ್ಷದ ಘೋಷಣೆಯನ್ನು. ಹುಡುಗಿಯರ ಉಡುಪನ್ನು ತಿದ್ದುವುದೇ ನೈತಿಕ ಶಿಕ್ಷಣವೆಂದು ತಿಳಿದವರನ್ನು ನಾನು ಕಂಡಿದ್ದೇನೆ. ಇದಕ್ಕೆ ಹೆದರಿಯೇ ನಾನು ‘ನೀತಿ’ಗಿಂತ, ಹೈಸ್ಕೂಲಿನಲ್ಲಿ ನಾವು ಬೇಸರದಿಂದ ಓದಿದ ‘ಪೌರನೀತಿ’ಗೆ ಹೆಚ್ಚು ಒಲಿದಿದ್ದೇನೆ. ನೀತಿ ‘ನೀನು ಒಳ್ಳೆಯವನಾಗು’ ಎನ್ನುತ್ತದೆ. ಪೌರನೀತಿ ಇನ್ನೂ ಸಣ್ಣ, ಇನ್ನೂ ಖಚಿತವಾದ ಪ್ರಶ್ನೆ ಕೇಳುತ್ತದೆ: ನೀನು ಬರೆದದ್ದು ತಪ್ಪಾದರೆ ನಷ್ಟ ಯಾರಿಗೆ? ಅವನು ಅದನ್ನು ಯಾರ ಹತ್ತಿರ ಹೋಗಿ ಹೇಳಿಕೊಳ್ಳಬೇಕು? ಆ ಬಾಗಿಲನ್ನು ನಿನ್ನ ಪ್ರೋಗ್ರಾಮಿನಲ್ಲಿ ಎಲ್ಲಿ ಇಟ್ಟಿದ್ದೀಯೆ? ಇದಕ್ಕೆ ಯಾವ ಮನೆದೇವರೂ ಅಡ್ಡಬರುವುದಿಲ್ಲ. ಆಧಾರ್ ಪ್ರಕರಣದಲ್ಲಿ 2012ರಷ್ಟು ಹಿಂದೆಯೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಆಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿತು. ಅವರ ಹೆಸರಿನಿಂದಲೇ ಪ್ರಸಿದ್ಧವಾದ ಈ ತೀರ್ಪನ್ನು ನಮ್ಮ ಹುಡುಗರು ಸಂವಿಧಾನದ ಪ್ರಶ್ನೆಪತ್ರಿಕೆಗಾಗಿ ಬಾಯಿಪಾಠ ಮಾಡುತ್ತಾರೆ. ಜನರ ಹೆಸರು, ವಿಳಾಸ, ರೋಗ, ಸಾಲಗಳನ್ನು ಒಂದು ಪಟ್ಟಿಯಲ್ಲಿ ಇಳಿಸುವ ಅಭ್ಯಾಸದ ಗಂಟೆಯಲ್ಲಿ ಅದು ಅವರ ನೆನಪಿಗೂ ಬರುವುದಿಲ್ಲ.

ನಾಲ್ಕನೆಯ ಆಕ್ಷೇಪಣೆ ಬಂದದ್ದು ವಿದ್ಯಾರ್ಥಿಯಿಂದ. ಅದು ನನ್ನನ್ನು ಬಹಳ ದಿನ ಕಾಡಿತು. ದ್ಯೂತಸಭೆಯ ಪ್ರಸಂಗವನ್ನು ಹೇಳುತ್ತಿದ್ದೆ. ತುಂಬಿದ ಸಭೆಯಲ್ಲಿ ದ್ರೌಪದಿ ಕೇಳಿದ್ದು ಒಂದು ಪ್ರಶ್ನೆ: ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣವಾಗಿ ಒಡ್ಡುವ ಹಕ್ಕೆಲ್ಲಿತ್ತು? ಭೀಷ್ಮ ಧರ್ಮ ಸೂಕ್ಷ್ಮವೆಂದ. ಹಿರಿಯರು ತಲೆ ತಗ್ಗಿಸಿದರು. ಬಾಯಿಬಿಟ್ಟವನು ಕೌರವರಲ್ಲೇ ಒಬ್ಬ ಕಿರಿಯ, ವಿಕರ್ಣ. ಕರ್ಣ ಅವನನ್ನು ಗದರಿಸಿ ಕೂರಿಸಿದ. ನೀವು ವಿಕರ್ಣರಾಗಬೇಕು ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ‘ಸರ್, ವಿಕರ್ಣ ರಾಜನ ತಮ್ಮ. ಮಾತಾಡಿದ್ದಕ್ಕೆ ಅವನ ಅನ್ನಕ್ಕೇನೂ ಕುತ್ತು ಬರಲಿಲ್ಲ. ನಮ್ಮಪ್ಪ ನನ್ನ ಓದಿಗೆ ಬ್ಯಾಂಕಲ್ಲಿ ಸಾಲ ಮಾಡಿದ್ದಾರೆ.’

ಅವನು ಹೇಳಿದ್ದು ಸರಿ. ಹೊಸದಾಗಿ ಕೆಲಸಕ್ಕೆ ಸೇರಿದ ಇಪ್ಪತ್ತೆರಡು ವರ್ಷದ ಮಗುವಿನ ಹೆಗಲ ಮೇಲೆ ಕಂಪನಿಯ ಧರ್ಮವನ್ನೆಲ್ಲ ಹೊರಿಸಿ, ನಾವು ಮೇಷ್ಟರುಗಳು ಪಿಂಚಣಿಯ ನೆರಳಿನಲ್ಲಿ ಕುಳಿತು ಚಪ್ಪಾಳೆ ತಟ್ಟುವುದು ಸುಲಭ. ವೈದ್ಯನಿಗೆ, ವಕೀಲನಿಗೆ ಅವರವರ ಪರಿಷತ್ತುಗಳಿವೆ. ತಪ್ಪು ಮಾಡಿದರೆ ಅವು ಕೇಳುತ್ತವೆ, ತಪ್ಪು ಮಾಡೆನೆಂದವನು ಅವುಗಳ ನಿಯಮವನ್ನು ತೋರಿಸಿ ಪಾರಾಗಬಹುದು. ಪ್ರೋಗ್ರಾಮು ಬರೆಯುವವನಿಗೆ ನಮ್ಮಲ್ಲಿ ಅಂಥದೊಂದಿಲ್ಲ. ಅಮೆರಿಕದ ಕಂಪ್ಯೂಟರ್ ತಜ್ಞರ ಸಂಘ 1972ರಲ್ಲಿಯೇ ನೀತಿಸಂಹಿತೆ ಮಾಡಿಕೊಂಡು, 1992ರಲ್ಲಿಯೂ 2018ರಲ್ಲಿಯೂ ಪರಿಷ್ಕರಿಸಿತು; ಆದರೆ ಅದು ಸದಸ್ಯರಾಗಲು ಮನಸ್ಸುಳ್ಳವರಿಗೆ ಮಾತ್ರ. ಆದ್ದರಿಂದ ಒಂಟಿ ಶೂರನಾಗು ಎಂದು ಹೇಳುವ ಬದಲು, ಶೌರ್ಯವೇ ಬೇಡವಾಗುವಂಥ ಸಣ್ಣ ರೂಢಿಗಳನ್ನು ಕಲಿಸುವುದು ಲೇಸೆಂದು ನನಗೆ ತೋರುತ್ತದೆ. ಯಾರ ಅಪ್ಪಣೆಯ ಮೇರೆಗೆ ಈ ನಿಯಮ ಬರೆದೆನೆಂದು ಪ್ರೋಗ್ರಾಮಿನಲ್ಲಿಯೇ ಒಂದು ಸಾಲು ಗುರುತಿಸಿಡುವುದು ಅಂಥ ಒಂದು ರೂಢಿ. ಕಂಡ ದೋಷವನ್ನು ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ತಿಳಿಸುವುದು ಇನ್ನೊಂದು. ಪ್ರತಿಯೊಂದು ನಿರಾಕರಣೆಯ ಜೊತೆಗೂ ಮುಂದೆ ಎಲ್ಲಿಗೆ ಹೋಗಬೇಕೆಂದು ಬರೆಯುವುದು ಮತ್ತೊಂದು. ಸಾಲ ತೀರಿಸಬೇಕಾದ ಹುಡುಗನೂ ಇವನ್ನು ಮಾಡಬಲ್ಲ. ಬ್ರಿಟನ್ನಿನ ಆ ಅಂಗಡಿಯವರಿಗೆ ‘ನಿಮಗೊಬ್ಬರಿಗೇ’ ಎಂಬ ಉತ್ತರದ ಬದಲು ‘ಇದುವರೆಗೆ ಇಷ್ಟು ಮಂದಿ ಹೀಗೆ ಹೇಳಿದ್ದಾರೆ’ ಎಂಬ ಒಂದು ಸಾಲು ತೆರೆಯ ಮೇಲೆ ಬಂದಿದ್ದರೆ?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 2017ರಿಂದ ಒಂದು ಪದ್ಧತಿ ನಡೆದಿದೆ. ಕಂಪ್ಯೂಟರ್ ಶಾಸ್ತ್ರದ ಬಾರ್ಬರಾ ಗ್ರೋಸ್, ತತ್ತ್ವಶಾಸ್ತ್ರದ ಆಲಿಸನ್ ಸಿಮನ್ಸ್ ಎಂಬ ಇಬ್ಬರು ಅಧ್ಯಾಪಕಿಯರು ಕೂಡಿ ತೆಗೆದ ದಾರಿ ಅದು. ಮಕ್ಕಳನ್ನು ತತ್ತ್ವಶಾಸ್ತ್ರದ ಕೋಣೆಗೆ ಕರೆಯುವ ಬದಲು ತತ್ತ್ವಶಾಸ್ತ್ರದವರೇ ಕಂಪ್ಯೂಟರ್ ತರಗತಿಗೆ ಹೋಗಿ, ಆ ವಾರದ ಪಾಠದೊಳಗಿರುವ ಪ್ರಶ್ನೆಯನ್ನೇ ಎತ್ತಿ ತೋರಿಸುತ್ತಾರೆ. ನಮ್ಮಲ್ಲಿ ಇದಕ್ಕೆ ಹಣವೂ ಬೇಡ, ಹೊಸ ಹುದ್ದೆಯೂ ಬೇಡ. ಇಬ್ಬರು ಅಧ್ಯಾಪಕರು ಒಟ್ಟಿಗೆ ಕಾಫಿ ಕುಡಿದರೆ ಸಾಕು. ಆದರೆ ಇಲ್ಲಿ ನನ್ನದೊಂದು ಹಿತಾಸಕ್ತಿಯನ್ನು ವಾಚಕರಿಗೆ ತಿಳಿಸಬೇಕು. ನೀತಿಯ ಗಂಟೆ ನನ್ನಿಂದ ಹೋದರೆ ನನ್ನ ಕಾರ್ಯಭಾರ ಕಡಮೆಯಾಗುತ್ತದೆ. ಕಾರ್ಯಭಾರ ಕಡಮೆಯಾದ ಕನ್ನಡ ಅಧ್ಯಾಪಕನನ್ನು ಆಡಳಿತ ಮಂಡಲಿಗಳು ಯಾವ ಕಣ್ಣಿನಿಂದ ನೋಡುತ್ತವೆಂಬುದನ್ನು ಈ ವೃತ್ತಿಯಲ್ಲಿರುವ ಯಾರನ್ನಾದರೂ ಕೇಳಬಹುದು. ನನ್ನ ಮನೆಯಲ್ಲಿಯೂ ಈ ಲೇಖನದ ಬಗ್ಗೆ ಎರಡು ಅಭಿಪ್ರಾಯಗಳಿವೆ.

ಕಳೆದ ಅವಧಿಯಲ್ಲಿ ದತ್ತರಚನೆ ಪಾಠ ಮಾಡುವ ನನ್ನ ಕಿರಿಯ ಮಿತ್ರರೊಬ್ಬರು, ‘ಆಗಲಿ ಮೇಷ್ಟ್ರೆ, ಒಂದು ಸಲ ನೋಡಿಯೇಬಿಡೋಣ’ ಎಂದು ಒಪ್ಪಿದರು. ‘ಕ್ಯೂ’ ಅಭ್ಯಾಸಕ್ಕೆ ತಾಲ್ಲೂಕು ಆಸ್ಪತ್ರೆಯ ಟೋಕನ್ನಿನ ಸಾಲನ್ನು ಕೊಟ್ಟರು. ಹತ್ತರಲ್ಲಿ ನಾಲ್ಕು ಅಂಕ, ನಡುವೆ ಯಾರನ್ನಾದರೂ ಮುಂದಕ್ಕೆ ಬಿಡಬೇಕೆ, ಬಿಟ್ಟರೆ ಹೇಗೆ ಎಂಬುದಕ್ಕೆ. ನಾನು ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದೆ. ಮಕ್ಕಳು ಮೊದಲು ಕೇಳಿದ್ದು ಆ ನಾಲ್ಕು ಅಂಕ ಕಡ್ಡಾಯವೆ ಎಂದು. ಆಮೇಲೆ ಜಗಳ ಹತ್ತಿಕೊಂಡಿತು. ರಕ್ತ ಸುರಿಯುವವನನ್ನು ಬಿಡಬೇಕು, ಅದಕ್ಕೆ ಎಲ್ಲರೂ ಒಪ್ಪಿದರು. ತುಂಬು ಬಸುರಿಯನ್ನು? ಎಂಬತ್ತು ವರ್ಷದವರನ್ನು? ದೂರದ ಹಳ್ಳಿಯಿಂದ ಬಂದು ಸಂಜೆಯ ಕಡೆಯ ಬಸ್ಸು ಹಿಡಿಯಬೇಕಾದವನನ್ನು? ಶಾಸಕರ ಚೀಟಿ ತಂದವನನ್ನು? ಅವಧಿ ಮುಗಿದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಕಡೆಗೆ ಒಬ್ಬ ಹುಡುಗಿ, ತರಗತಿಯಲ್ಲಿ ಹೆಚ್ಚು ಮಾತಾಡದವಳು, ತನ್ನ ಪ್ರೋಗ್ರಾಮನ್ನು ತೋರಿಸಿದಳು. ಅದರಲ್ಲಿ ಯಾರನ್ನು ಬೇಕಾದರೂ ಮುಂದಕ್ಕೆ ಬಿಡಬಹುದು. ಆದರೆ ಬಿಟ್ಟ ಕೂಡಲೆ ಕಾಯುವವರೆಲ್ಲರ ಎದುರಿನ ಫಲಕದ ಮೇಲೆ ಒಂದು ಸಾಲು ಕನ್ನಡದಲ್ಲಿ ಮೂಡಬೇಕು: ಯಾರನ್ನು ಬಿಟ್ಟದ್ದು, ಏಕೆ ಬಿಟ್ಟದ್ದು, ಬಿಟ್ಟವರು ಯಾರು. ಅಧ್ಯಾಪಕರು ಅದನ್ನು ನಡೆಸಿ ನೋಡಿದರು. ಸಾಲು ಮೂಡಿತು. ಕ್ರಿಯಾಪದದಲ್ಲಿ ಒಂದು ಕಾಗುಣಿತದ ತಪ್ಪಿತ್ತು, ತಿದ್ದಿಕೊಟ್ಟೆ.